ಗುಂಡಿ ಒತ್ತಲು ಹೆದರುತ್ತಿದ್ದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರು ಹೆದರುತ್ತಿದ್ದರು. ಮತದಾರರ ಪಟ್ಟಿಯಲ್ಲಿ ಒಮ್ಮೆ ಅವರ ಹೆಸರಿನ ಒಂದು ಅಕ್ಷರ ತಪ್ಪಾಗಿ ಬಿತ್ತು. ಸರಿಮಾಡಿಸಲು ಹೋದರೆ ಇದ್ದ ಹೆಸರೂ ಹೋದೀತು ಎಂದು ಆ ತಪ್ಪು ಹೆಸರಿನಲ್ಲೇ ಕೊನೆಯವರೆಗೆ ಓಟು ಹಾಕಿದರು.

ಆಂಧ್ರದ ಆದೋನಿಯಲ್ಲಿ ನಮ್ಮವು ಅಕ್ಕಪಕ್ಕದ ಮನೆಗಳು. ನಡುವೆ ಒಂದೇ ಗೋಡೆ. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅವರು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ನಮಗೂ ಅವರಿಗೂ ರಕ್ತಸಂಬಂಧವಿಲ್ಲ; ಆದರೂ ಅವರನ್ನು ಮಾಮಾ ಎಂದು, ಅವರ ಹೆಂಡತಿಯನ್ನು ಅತ್ತಿ ಎಂದು ಕರೆದು ರೂಢಿಯಾಗಿದೆ. ಮಾಮಾ ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಆಮೇಲೆ ಅವರ ಬಗ್ಗೆ ಮಾತಾಡಿದವರೆಲ್ಲ “ಪಾಪ, ಬಾಳ ಅಂಜಬುರುಕ ಮನಿಷಾ” ಎಂದೇ ಮಾತು ಮುಗಿಸಿದರು. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ಮುಗಿಸುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಮನೆಯಲ್ಲಿ ಮಿಕ್ಸರ್ ಹಾಕಬೇಕಾದರೂ ಅವರು ಅಲ್ಲಿದ್ದವರನ್ನೆಲ್ಲ ಕರೆದು ಕೈ ತೋರಿಸಲು ಹೇಳುತ್ತಿದ್ದರು. ಎಲ್ಲರ ಎರಡೂ ಕೈ ಕಂಡ ಮೇಲೆಯೇ ಸ್ವಿಚ್. ಮಿಕ್ಸರ್ ಅಡುಗೆಮನೆಯಲ್ಲಿದ್ದು ನಾವು ಪಡಸಾಲೆಯಲ್ಲಿ ಕೂತಿದ್ದರೂ ಸರಿಯೇ. ಬೀದಿಯ ಮಕ್ಕಳು ಅವರಿಗೆ ‘ಕೈ ತೋರ್ಸು ತಾತ’ ಎಂದು ಹೆಸರಿಟ್ಟಿದ್ದರು. ಆಟೊ ಹತ್ತುವ ಮೊದಲು ಬಗ್ಗಿ ಚಕ್ರದ ಕೆಳಗೆ ನಾಯಿಮರಿ ಮಲಗಿದೆಯೇ ಎಂದು ನೋಡುತ್ತಿದ್ದರು. ಮಂತ್ರಾಲಯಕ್ಕೆ ಹೋದಾಗ ಲಾಡ್ಜಿನವರು ಮೇಲಿನ ಮಹಡಿಯ ಕೋಣೆ ಕೊಟ್ಟರೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದರು. ಲಿಫ್ಟಿನ ಭಯವಲ್ಲ, ಬೇರೆ ಯಾರಾದರೂ ಗುಂಡಿ ಒತ್ತಿದರೆ ಸುಮ್ಮನೆ ಒಳಗೆ ನಿಲ್ಲುತ್ತಿದ್ದರು. ತಾವೇ ಒತ್ತಬೇಕು ಎಂದಾಗ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ನಮ್ಮ ಶಾಲೆಗೆ ಹೊಸ ಬೋರು ಹಾಕಿಸಿದಾಗ, ಮಿಲ್ಲಿನಲ್ಲಿದ್ದು ಕರೆಂಟಿನ ಕೆಲಸ ಬಲ್ಲವರೆಂದು ನಾನೇ ಅವರನ್ನು ಕರೆದುಕೊಂಡು ಹೋಗಿದ್ದೆ. ಅವರು ವೈರು, ಬೋರ್ಡು ಎಲ್ಲ ನೋಡಿ, ಮೋಟಾರು ಹಾಕುವ ಮೊದಲು ಮಕ್ಕಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಕೈ ಮೇಲೆತ್ತಲು ಹೇಳಿದರು. ನಮ್ಮ ಹೆಡ್‌ಮಾಸ್ಟರೂ ಏನು ತಿಳಿದರೋ, ತಾವೂ ಎರಡು ಕೈ ಎತ್ತಿ ನಿಂತರು. ನಾವೆಲ್ಲ ನಗುತ್ತಿದ್ದೆವು. ಆಗ ನಾನು ಮಾಮಾನ ಮುಖ ನೋಡಿದೆ. ಅವರು ಒಬ್ಬೊಬ್ಬ ಮಗುವಿನ ಕೈಯನ್ನೂ ಕಣ್ಣಿನಲ್ಲೇ ಎಣಿಸುತ್ತಿದ್ದರು. ನಾನು ನಗುವುದನ್ನು ಬಿಟ್ಟೆ.

ಅವರಿಗೆ ಎಲ್ಲಕ್ಕಿಂತ ಹೆದರಿಕೆಯಿದ್ದದ್ದು ಒಂದು ತೆಲುಗು ಮಾತಿಗೆ. ‘ಏಂ ಕಾದು’, ಏನೂ ಆಗುವುದಿಲ್ಲ ಎಂಬ ಮಾತು. ನಮ್ಮ ಕಡೆ ದಿನಕ್ಕೆ ನೂರು ಸಲ ಅದನ್ನು ಆಡುತ್ತೇವೆ. ಯಾರಾದರೂ ಹಾಗೆಂದರೆ ಮಾಮಾ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು.

“ಏಂ ಕಾದು ಅಂದವರಿಗೆ ಏನೂ ಆಗಂಗಿಲ್ರಿ ಟೀಚರಮ್ಮ. ಆಗೋದು ಬ್ಯಾರೇದವರಿಗೆ.”

ಇದರ ಹಿಂದಿನ ಕಥೆಯನ್ನು ಅತ್ತಿ ಒಂದು ಮಧ್ಯಾಹ್ನ ಹೇಳಿದರು. ಮದುವೆಯಾದ ಹೊಸತು. ಮಾಮಾ ಮಿಲ್ಲಿನಲ್ಲಿ ಸ್ವಿಚ್‌ಬೋರ್ಡಿನ ಹತ್ತಿರ ನಿಲ್ಲುವ ಕೆಲಸದಲ್ಲಿದ್ದರು. ಹತ್ತಿ ಸಿಕ್ಕಿಕೊಂಡು ಒಂದು ಯಂತ್ರ ನಿಂತಿತು. ಸಿಕ್ಕಿದ್ದನ್ನು ತೆಗೆಯಲು ಆಸ್ಪರಿ ಕಡೆಯ ಒಬ್ಬ ಕೂಲಿಯಾಳು ಕೈ ಹಾಕಿದ್ದ. ಬೋರ್ಡು ಇದ್ದ ಜಾಗದಿಂದ ಅವನು ಕಾಣುತ್ತಿರಲಿಲ್ಲ. ಮೇಸ್ತ್ರಿ ಅತ್ತ ಕಡೆಯಿಂದ, “ಏಂ ಕಾದು, ವೆಯ್ಯಿ” ಎಂದು ಕೂಗಿದ. ಹಾಕು ಎಂದನಲ್ಲ, ಮಾಮಾ ಹಾಕಿದರು. ಆ ಕೂಲಿಯ ಬಲಗೈ ಬೆರಳುಗಳು ಹೋದವು. ಯಾರೂ ಮಾಮಾನನ್ನು ಬೈಯಲಿಲ್ಲ. ಅವರೇ ಮಾಲೀಕರನ್ನು ಕೇಳಿಕೊಂಡು ಬೋರ್ಡು ಬಿಟ್ಟು, ಗೋದಾಮಿನಲ್ಲಿ ಹತ್ತಿಯ ಬೇಲುಮೂಟೆ ಎತ್ತಿಸುವ ಕೆಲಸಕ್ಕೆ ಹೋದರು. ಮುಂದೆ ಅಲ್ಲಿಂದಲೇ ನಿವೃತ್ತರಾದರು.

ಅತ್ತಿಯ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದಲ್ಲ, ಕಣ್ಣಿನೊಳಗಿನ ಒತ್ತಡ ಏರಿ, ಒಂದೊಂದೇ ಅಂಚಿನಿಂದ ನೋಟ ಮಬ್ಬಾಗುತ್ತ ಬಂದು ಕೊನೆಗೆ ಪೂರ್ತಿ ಹೋಯಿತು. ಅವರ ಒಬ್ಬಳೇ ಮಗಳನ್ನು ಬಳ್ಳಾರಿಗೆ ಕೊಟ್ಟಿದೆ. ಅಳಿಯನದು ಟಿವಿ, ಸ್ಪೀಕರುಗಳ ಅಂಗಡಿ. ಅತ್ತಿಯ ಕಣ್ಣು ಹೋದ ವರ್ಷ ಅವನು ತನ್ನ ಮನೆಯಲ್ಲಿದ್ದ ಹೋಮ್ ಥಿಯೇಟರನ್ನು ಬಿಚ್ಚಿ ತಂದು ಇಲ್ಲಿ ಕೂಡಿಸಿದ. ಸ್ಪೀಕರುಗಳಿಗೆ ಧ್ವನಿ ಹಂಚುವ ಒಂದು ಕರಿ ರಿಸೀವರ್, ಟಿವಿಯ ಎರಡು ಪಕ್ಕಕ್ಕೆ ಎರಡು ಸ್ಪೀಕರು, ನಡುವೆ ಒಂದು, ಅತ್ತಿಯ ಕುರ್ಚಿಯ ಹಿಂದೆ ಗೂಡಿನಲ್ಲಿ ಎರಡು. ಮಾಮಾ ಆ ರಿಸೀವರನ್ನು ‘ಡಬ್ಬಿ’ ಎನ್ನುತ್ತಿದ್ದರು.

ಆ ಡಬ್ಬಿ ಅತ್ತಿಗೆ ಏನಾಗಿತ್ತು ಎಂದು ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಅವರಿಗೆ ಕ್ರಿಕೆಟ್ ಎಂದರೆ ಜೀವ. ಜನರ ಕೂಗು ಸುತ್ತಲಿಂದ ಬರುವಾಗ ಕುರ್ಚಿಯ ತುದಿಗೆ ಬಂದು ಕೂರುತ್ತಿದ್ದರು. ಧಾರಾವಾಹಿಯಲ್ಲಿ ಯಾರೋ ಬಾಗಿಲು ತೆರೆದರೆ, “ಹಿಂದಿಂದ ಬಂದ್ಳು ನೋಡು ಆಕಿ” ಎಂದು ನನಗಿಂತ ಮೊದಲೇ ಹೇಳುತ್ತಿದ್ದರು. ಮನೆಯೊಳಗೆ ಓಡಾಡಲೂ ಅವರಿಗೆ ಅದೇ ಆಸರೆ. ಟಿವಿಯ ಮಾತು ಮುಖಕ್ಕೆ ನೇರ ಬಂದರೆ ಬೀದಿ ಬಾಗಿಲು ಎಡಕ್ಕೆ, ಹಿತ್ತಲ ಬಾಗಿಲು ಬಲಕ್ಕೆ. ಕೋಲು ಹಿಡಿಯದೆ ಮನೆತುಂಬ ತಿರುಗುತ್ತಿದ್ದರು.

ಎರಡು ವರ್ಷದ ಹಿಂದೆ ಹಳೇ ಟಿವಿ ಕೆಟ್ಟು ಅಳಿಯ ಹೊಸದನ್ನು ತಂದ. ಅಂದಿನಿಂದ ತೊಂದರೆ ಶುರುವಾಯಿತು. ಚಿತ್ರ ಓಡುತ್ತಲೇ ಇರುತ್ತಿತ್ತು, ಧ್ವನಿ ಮಾತ್ರ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಕೆಲವೊಮ್ಮೆ ಒಂದು ಉಸಿರಿನಷ್ಟು ಹೊತ್ತು, ಕೆಲವೊಮ್ಮೆ ಬಹಳ ಹೊತ್ತು. ಗೋಡೆಯಾಚೆ ನನಗೂ ಅದು ಗೊತ್ತಾಗುತ್ತಿತ್ತು. ಸದ್ದು ನಿಂತ ಕೂಡಲೇ ಅತ್ತಿಯ ದನಿ ಕೇಳುತ್ತಿತ್ತು: “ಅದೀರೇನ್ರಿ?” ಮಾಮಾ ಎಲ್ಲಿದ್ದರೂ, “ಅದೀನಿ, ಅದೀನಿ” ಎಂದು ಓಡಿ ಬರುತ್ತಿದ್ದರು.

ಅತ್ತಿ ಒಮ್ಮೆ ನನಗೆ ಹೇಳಿದರು: “ಕಣ್ಣು ಹ್ವಾದ್ರ ಕತ್ತಲ ಅಂತಾರವ್ವ ಎಲ್ಲಾರು. ಕತ್ತಲ ಅನ್ನೋದು ಅದಲ್ಲ. ಸಪ್ಪಳ ನಿಂದ್ರತೈತಲ್ಲ, ಆವಾಗ ಆಗತೈತಿ ಕತ್ತಲ. ಮನಿ ಐತೋ ಇಲ್ಲೋ ಗೊತ್ತಾಗಂಗಿಲ್ಲ.”

ಅಳಿಯ ಫೋನಿನಲ್ಲಿ ಕಾರಣ ತಿಳಿಸಿದ. ಡಬ್ಬಿ ಹಳೆಯದು, ಟಿವಿ ಹೊಸದು, ಒಂದರ ಭಾಷೆ ಇನ್ನೊಂದಕ್ಕೆ ಸರಿಯಾಗಿ ತಿಳಿಯುತ್ತಿಲ್ಲ. ಡಬ್ಬಿಯ ಫರ್ಮ್‌ವೇರ್, ಎಂದರೆ ಅದನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ. ಕಂಪನಿಯವರು ಬಹಳ ಹಿಂದೆಯೇ ಆ ಅಪ್‌ಡೇಟ್ ಹೊರಡಿಸಿದ್ದಾರೆ, ಇಂಥ ಹಳೇ ಮಾಡೆಲ್ಲಿಗೆ ಅದೇ ಕೊನೆಯದು. ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸಿದ. ಡಬ್ಬಿಯ ಮುಂಭಾಗದಲ್ಲಿ ಚುಚ್ಚಿ, ಪರದೆಯಲ್ಲಿ ‘ಸರಿ’ ಎಂಬಲ್ಲಿ ಒತ್ತಿದರೆ ಆಯಿತು ಎಂದ. ಕೊನೆಗೆ, “ಏಂ ಕಾದು ಮಾಮಾ” ಎಂದೂ ಸೇರಿಸಿದ. ಆ ಒಂದು ಮಾತಿನಿಂದ ಕೆಲಸ ಕೆಟ್ಟಿತು.

ಮಾಮಾ ಪೆನ್‌ಡ್ರೈವನ್ನು ಕಾಗದದಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟರು. ಆಮೇಲೆ ಡಬ್ಬಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಹಿಡಿದು ನನ್ನಲ್ಲಿಗೆ ಬಂದರು. ಎಚ್ಚರಿಕೆಯ ಭಾಗವನ್ನು ಕನ್ನಡದಲ್ಲಿ ಹೇಳಿದೆ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗಬಾರದು, ವೈರು ಕೀಳಬಾರದು, ಯಾವ ಗುಂಡಿಯನ್ನೂ ಮುಟ್ಟಬಾರದು. ಹಾಗೇನಾದರೂ ಆದರೆ ಉಪಕರಣ ಮತ್ತೆಂದೂ ಕೆಲಸ ಮಾಡದೆ ಹೋಗಬಹುದು. ಅವರು ಮತ್ತೊಮ್ಮೆ ಓದಿಸಿದರು. ಆ ‘ಬಹುದು’ ಎನ್ನುವಲ್ಲಿ ತಡೆದರು.

“ಹೋಗಬಹುದು ಅಂದ್ರ, ಹೋಗತೈತೇನು, ಹೋಗಂಗಿಲ್ಲೇನು?”

ಎರಡೂ ಆಗಬಹುದು ಎಂದೆ. ಅವರು ಪುಸ್ತಕವನ್ನು ಪಟ್ಟನೆ ಮುಚ್ಚಿದರು. ಹೋಗುತ್ತದೆ ಎಂದಿದ್ದರೆ ಅವರಿಗೆ ಅಷ್ಟು ಭಯವಾಗುತ್ತಿರಲಿಲ್ಲ ಎನಿಸುತ್ತದೆ.

ಆಮೇಲಿನ ದಿನಗಳಲ್ಲಿ ಅವರು ಕಂಡಕಂಡವರನ್ನು ಕೇಳಿದರು. ಬಜಾರಿನ ಟಿವಿ ಮೆಕ್ಯಾನಿಕ್ಕು, ಹಾಡುತ್ತಿರುವ ಪೆಟ್ಟಿಗೆಯನ್ನು ಕೆಣಕಬೇಡಿ, ಹಳೇ ಡಬ್ಬಿಗಳು ಹೀಗೆ ಮಾಡಲು ಹೋಗಿ ಸತ್ತದ್ದನ್ನು ನೋಡಿದ್ದೇನೆ ಎಂದ. ಅಳಿಯ ಪ್ರತಿ ವಾರ ಫೋನು ಮಾಡಿ ಆಯಿತೇ ಎಂದು ವಿಚಾರಿಸುತ್ತಿದ್ದ. ಮಗಳು, ಅಷ್ಟು ಹೆದರಿಕೆಯಾದರೆ ಡಬ್ಬಿ ಬಿಚ್ಚಿಟ್ಟು ಟಿವಿಯದೇ ಧ್ವನಿ ಇಟ್ಟುಕೊಳ್ಳಿ ಎಂದಳು. ಒಂದು ದಿನ ಹಾಗೂ ಮಾಡಿ ನೋಡಿದರು. ಅತ್ತಿ ಸಂಜೆಯೊಳಗೆ ತಲೆ ಹಿಡಿದುಕೊಂಡು ಕೂತರು. ಯಾರೋ ತಗಡಿನ ಡಬರಿಯೊಳಗೆ ಕೂತು ಮಾತಾಡಿದಂತಿದೆ, ಯಾವ ಕಡೆ ತಿರುಗಿದರೂ ಎಲ್ಲಿದ್ದೇನೆಂದು ತಿಳಿಯದು ಎಂದರು. ಮತ್ತೆ ಡಬ್ಬಿಯೇ ಬಂತು, ಅದರ ಜೊತೆ ಆ ಮೌನವೂ ಬಂತು.

ಮಾಡಿದರೆ ಡಬ್ಬಿ ಸಾಯಬಹುದು, ಮಾಡದಿದ್ದರೆ ಹೀಗೇ ನಡೆಯುತ್ತದೆ. ಮಾಮಾ ಹೀಗೇ ನಡೆಯುವುದನ್ನು ಆರಿಸಿಕೊಂಡರು. ಒತ್ತದೆ ಇದ್ದರೆ ಕೇಡು ತಮ್ಮಿಂದ ಬಂದಂತಾಗುವುದಿಲ್ಲ ಎಂಬುದು ಅವರ ಲೆಕ್ಕ. ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದರು. ಹಾಲು ತರಲು ಹೋದರೂ, ಅತ್ತಿಯ ಹತ್ತಿರ ಕೂತಿರಲು ನನ್ನನ್ನು ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ನಾನು ಶಾಲೆಯಲ್ಲಿದ್ದೆ. ಮಾಮಾ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದರು. ಧ್ವನಿ ನಿಂತಿತು. ಅತ್ತಿ ಕರೆದರು, ಉತ್ತರ ಬರಲಿಲ್ಲ. ಸದ್ದು ಈಗ ಬಂದೀತು, ಆಗ ಬಂದೀತು ಎಂದು ಕಾದರು. ಬರದೆ ಹೋದಾಗ, ಬೀದಿಗೆ ಹೋಗಿ ಯಾರನ್ನಾದರೂ ಕೂಗೋಣವೆಂದು ಎದ್ದರು. ಕುರ್ಚಿಯಿಂದ ಏಳುವಾಗ ಮೈ ಎತ್ತ ತಿರುಗಿತೋ ಅವರಿಗೆ ತಿಳಿಯಲಿಲ್ಲ. ಬೀದಿ ಬಾಗಿಲೆಂದು ತೆರೆದದ್ದು ಹಿತ್ತಲ ಬಾಗಿಲು. ಮೆಟ್ಟಿಲಿಂದ ಒಗೆಯುವ ಕಲ್ಲಿನ ಮೇಲೆ ಬಿದ್ದರು. ಮಾಮಾ ಹಿಟ್ಟಿನ ಡಬ್ಬ ಹೊತ್ತು ಬಂದಾಗ ಟಿವಿಯ ಧ್ವನಿ ಜೋರಾಗಿ ಕೇಳುತ್ತಿತ್ತು, ಕುರ್ಚಿ ಖಾಲಿಯಿತ್ತು.

ನಾನು ಆಸ್ಪತ್ರೆಗೆ ಓಡಿದಾಗ ಅತ್ತಿಯ ಬಲ ಮುಂಗೈಗೆ ಸಿಮೆಂಟು ಪಟ್ಟಿ ಹಾಕಿಯಾಗಿತ್ತು. ಹಣೆಗೆ ಹೊಲಿಗೆ. ಮಾಮಾ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅಂಗಿಯ ಮೇಲೆ ರಕ್ತವೂ ಹಿಟ್ಟೂ ಮೆತ್ತಿಕೊಂಡಿದ್ದವು. ನನ್ನನ್ನು ನೋಡಿ ಪಕ್ಕದಲ್ಲಿ ಜಾಗ ಮಾಡಿದರು. ಆಮೇಲೆ ಮೆಲ್ಲಗೆ ಅಂದರು:

“ನಾ ಏನೂ ಒತ್ತಲಿಲ್ಲ ಟೀಚರಮ್ಮ. ಒತ್ತಲಿಲ್ಲ ಅಂದ್ರೂ ಕೈ ಮುರೀತು ನೋಡ್ರಿ.”

ಆ ವಾರವೇ ಮಾಮಾ ಆಸ್ಪರಿಗೆ ಹೋಗಬೇಕು ಎಂದರು. ಯಾಕೆಂದು ನಾನು ಕೇಳಲಿಲ್ಲ. ಒಬ್ಬರೇ ಹೋದರೆ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದುಬಿಡುತ್ತೇನೆ, ಜೊತೆಗೆ ಬನ್ನಿ ಎಂದು ಅವರೇ ಒಪ್ಪಿಕೊಂಡರು. ತಾಯಿಯನ್ನು ನೋಡಿಕೊಳ್ಳಲು ಬಳ್ಳಾರಿಯಿಂದ ಮಗಳು ಬಂದಿದ್ದಳು. ನಾವು ಬೆಳಗಿನ ಬಸ್ಸು ಹಿಡಿದೆವು. ಕಿಟಕಿಯಾಚೆ ಹತ್ತಿಕಟ್ಟಿಗೆ ಒಣಗಿ ನಿಂತ ಕಪ್ಪು ಹೊಲಗಳು. ಮಾಮಾ ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. ಇಳಿದ ಮೇಲೆ ಎರಡು ಸಲ ನಿಂತರು. ಮನೆಯಲ್ಲಿ ಇರಲಿಕ್ಕಿಲ್ಲ, ಇನ್ನೊಮ್ಮೆ ಬರೋಣ ಎಂದರು. ದಾರಿ ಕೇಳುತ್ತ ನಾನು ಮುಂದೆ ನಡೆದೆ. ಅವರು ಹಿಂದೆ ಬಂದರು.

ಬೆರಳು ಕಳೆದುಕೊಂಡಿದ್ದ ಆ ಮನುಷ್ಯ ಮನೆಯಲ್ಲೇ ಇದ್ದರು. ಮಿಲ್ಲು ಬಿಟ್ಟ ಮೇಲೆ ಕುರಿ ಸಾಕಿ ಬದುಕು ಕಟ್ಟಿಕೊಂಡವರು. ಹಟ್ಟಿಯ ಮುಂದೆ ಒಂದು ಕುರಿಮರಿಗೆ ಎಡಗೈಯಿಂದ ಎಲೆ ತಿನ್ನಿಸುತ್ತಿದ್ದರು. ಬಲಗೈಯಲ್ಲಿ ಹೆಬ್ಬೆರಳೊಂದೇ ಇತ್ತು. ಮಾಮಾನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಕಂಬಳಿ ಹಾಸಿದರು, ಮಜ್ಜಿಗೆ ತರಿಸಿದರು. ಮಾಮಾ ಲೋಟ ಹಿಡಿದು ಕೂತರು, ಕುಡಿಯಲಿಲ್ಲ. ಆಮೇಲೆ ಡಬ್ಬಿಯ ಕಥೆ ಹೇಳತೊಡಗಿದರು. ಹೆಂಡತಿಯ ಕಣ್ಣು, ನಿಲ್ಲುವ ಧ್ವನಿ, ಪೆನ್‌ಡ್ರೈವು, ಪುಸ್ತಕದ ಎಚ್ಚರಿಕೆ, ಮುರಿದ ಕೈ. ಸಂಬಂಧವಿಲ್ಲದ ಈ ಮಾತುಗಳನ್ನು ಆತ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಕೊನೆಗೆ ಮಾಮಾ, ಸ್ವಿಚ್ ಅಂದರೆ ನಿಮ್ಮ ಕೈ ಕಣ್ಮುಂದೆ ಬರುತ್ತದೆ ಎಂದು ಹೇಳಲು ಹೋಗಿ, ಪೂರ್ತಿ ಮಾಡಲಾಗದೆ ನಿಲ್ಲಿಸಿದರು.

“ಪರವಾಲೇದಪ್ಪ, ಇರಲಿ, ಕೈ ಮಾತ ಬಿಡು,” ಅಂದರು ಆತ. “ನೀ ಹಾಕಿದಿ ಅಂತ ನಾ ಒಂದಿನಾನೂ ಅಂದಾಂವ ಅಲ್ಲ. ದವಾಖಾನ್ಯಾಗ ಬಾಗಿಲ ಕಡಿ ಮಾರಿ ಮಾಡಿ ಮಲಗಿದ್ದೆ. ಮಿಲ್ಲಿನವ್ರು ಎಲ್ಲಾರು ಬಂದು ಹ್ವಾದ್ರು. ನೀ ಬರಲಿಲ್ಲ. ಅದು ಬ್ಯಾನಿ ಆತು ನನಗ.”

“ಅಂಜಿಕಿ ಆಗಿತ್ತು,” ಅಂದರು ಮಾಮಾ.

“ನನಗೂ ಆಗಿತ್ತಪ್ಪ.”

ಇಬ್ಬರೂ ಕುರಿಗಳ ಕಡೆ ನೋಡುತ್ತ ಕೂತರು. ಏಳುವ ಹೊತ್ತಿಗೆ ಮಾಮಾ ಮಜ್ಜಿಗೆ ಕುಡಿದು ಮುಗಿಸಿದ್ದರು. ಹಿಂದಿರುಗುವ ಬಸ್ಸಿನಲ್ಲಿ, ಭಾನುವಾರ ಅಪ್‌ಡೇಟ್ ಮಾಡಿಬಿಡುವುದು ಎಂದು ನನಗೆ ಹೇಳಿದರು. ಅವರ ದನಿಯಲ್ಲಿ ಧೈರ್ಯವೇನೂ ಇರಲಿಲ್ಲ.

ಭಾನುವಾರದ ಹೊತ್ತಿಗೆ ಮಗಳು ಬಳ್ಳಾರಿಗೆ ಮರಳಿದ್ದಳು. ಮನೆಯಲ್ಲಿದ್ದವರು ನಾವು ಮೂವರೇ. ಬೇಸಿಗೆಯಲ್ಲಿ ನಮ್ಮ ಊರಿನ ಕರೆಂಟನ್ನು ನಂಬುವಂತಿಲ್ಲ. ಮಾಮಾ ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿಸಿದ್ದರು. ಮೇನ್ ಇಳಿಸಿ, ಏರಿಸಿ, ಡಬ್ಬಿಯ ದೀಪ ಮಿಟುಕದೆ ಉರಿಯುತ್ತದೆಯೇ ಎಂದು ಹಲವು ಸಲ ನೋಡಿದ್ದರು. ದೇವರ ಗೂಡಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದರು. ಪರದೆಯ ಮೇಲೆ ಪ್ರಶ್ನೆ ಬಂತು. ನಾನು ಓದಿ ಹೇಳಿದೆ. ರಿಮೋಟು ಹಿಡಿದ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಅದರ ಹಿಂದಿನ ಮುಚ್ಚಳ ಕಟಕಟ ಎನ್ನುತ್ತಿತ್ತು. ಆ ಸದ್ದು ಕೇಳಿ ಅತ್ತಿ ಎಡಗೈ ಚಾಚಿದರು.

“ಇಲ್ಲಿ ಕೊಡ್ರಿ. ಯಾವುದು ಅಂತ ಬಟ್ಟು ಇಟ್ಟು ತೋರಸ್ರಿ. ನಾ ಒತ್ತತೀನಿ. ಕೆಟ್ರ ನನ್ನಿಂದ ಕೆಡಲಿ.”

ಮಾಮಾ ರಿಮೋಟನ್ನು ಎದೆಗೆ ಒತ್ತಿಕೊಂಡರು.

“ಬ್ಯಾಡ. ಆ ಭಾರ ಹೆಂಗಿರತೈತಿ ನನಗ ಗೊತ್ತೈತಿ. ನಿನಗ ಬ್ಯಾಡ.”

ಹಾಗೆಂದು ಅವರೇ ಒತ್ತಿದರು.

ಪರದೆ ಕಪ್ಪಾಯಿತು. ಡಬ್ಬಿಯ ಕಿರುಕಿಟಕಿಯಲ್ಲಿ ಅಂಕಿಗಳು ಒಂದೊಂದಾಗಿ ಏರತೊಡಗಿದವು. ನಾನು ಅವನ್ನು ಅತ್ತಿಗೆ ಮೆಲ್ಲಗೆ ಹೇಳುತ್ತಿದ್ದೆ. ಅರ್ಧ ದಾಟಿತ್ತು. ಆಗ ಮೇಲಿನ ಫ್ಯಾನು ಒಮ್ಮೆ ತಡವರಿಸಿ ಮತ್ತೆ ತಿರುಗಿತು. ಮೂಲೆಯಲ್ಲಿ ಇನ್ವರ್ಟರು ‘ಟಪ್’ ಎಂದು ಗುಂಯ್‌ಗುಡತೊಡಗಿತು. ಕರೆಂಟು ಹೋಗಿತ್ತು. ಡಬ್ಬಿಯ ದೀಪ ಆರಿರಲಿಲ್ಲ. ಆದರೆ ಅಂಕಿ ನಿಂತುಬಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಮುಂದೆ ಹೋದೀತು ಎಂದುಕೊಂಡೆವು. ಹೋಗಲಿಲ್ಲ. ಬ್ಯಾಟರಿ ಉಳಿಯಲೆಂದು ಫ್ಯಾನು ಆರಿಸಿದೆವು. ಬೆವರು ಇಳಿಯುತ್ತಿತ್ತು. ಅಳಿಯನಿಗೆ ಫೋನು ಮಾಡಿದೆ. ಇನ್ನೂ ಸ್ವಲ್ಪ ಕಾಯಿರಿ ಎಂದ. ಅಡುಗೆಮನೆಯಲ್ಲಿ ರೊಟ್ಟಿ ಆರಿ ಬಿರುಸಾದವು. ಯಾರಿಗೂ ಏಳುವ ಮನಸ್ಸಾಗಲಿಲ್ಲ, ಎದ್ದರೆ ಏನೋ ಅಲುಗಾಡೀತು ಎಂಬಂತೆ. ನನಗೆ ನಗು ಬರಬೇಕಾಗಿತ್ತು; ಒಂದು ಹಾಡಿನ ಡಬ್ಬಿಯ ಮುಂದೆ ಮೂರು ಜನ ಹೀಗೆ ಕೂರುವುದೇ? ಆದರೆ ನಾನೂ ಅಂಕಿಯಿಂದ ಕಣ್ಣು ಕೀಳಲಿಲ್ಲ. ಅತ್ತಿ ಕುರ್ಚಿಯಲ್ಲಿ ತಲೆ ಬಗ್ಗಿಸಿ, ಎಡಗೈಯಿಂದ ಸಿಮೆಂಟು ಪಟ್ಟಿಯನ್ನು ಸವರುತ್ತ, ಯಾವ ಸದ್ದೂ ಇಲ್ಲದ ಆ ಕೋಣೆಯಲ್ಲಿ ಕೂತಿದ್ದರು. ಇದೇ ಮೌನ ಇನ್ನು ಮುಂದೆ ಅವರಿಗೆ ದಿನವೂ ಇರುತ್ತದೆಯೇ ಎಂದು ನನಗೆ ದಿಗಿಲಾಯಿತು. ಮಾಮಾ ಆಗಾಗ, “ಅದೀನಿ” ಎನ್ನುತ್ತಿದ್ದರು, ಅತ್ತಿ ಕೇಳದಿದ್ದರೂ.

ಇನ್ವರ್ಟರು ಬ್ಯಾಟರಿ ಮುಗಿಯಿತೆಂದು ಕೂಗತೊಡಗಿತು. ಅಷ್ಟರಲ್ಲಿ, ಯಾವ ಪುಣ್ಯವೋ, ಕರೆಂಟು ಬಂತು. ಆದರೂ ಅಂಕಿ ಅಲ್ಲೇ. ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಗಿತ್ತು. ಅಳಿಯ ಈ ಸಲ, ಇನ್ನು ಕಾದು ಫಲವಿಲ್ಲ, ವೈರು ಕಿತ್ತು, ಸ್ವಲ್ಪ ಬಿಟ್ಟು ಮತ್ತೆ ಹಾಕಿ ಎಂದ. ಎದ್ದರೂ ಏಳಬಹುದು ಎಂದ. ಏಂ ಕಾದು ಎನ್ನಲಿಲ್ಲ.

ಕೀಳಬಾರದು ಎಂದು ಪುಸ್ತಕ ಹೇಳಿದ್ದನ್ನೇ ಕೀಳಬೇಕಿತ್ತು. ಮಾಮಾ ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಿದೆ. ಅವರು ಅತ್ತಿಯ ಹತ್ತಿರ ಹೋಗಿ ನೆಲದ ಮೇಲೆ ಕೂತರು. ಡಬ್ಬಿ ನಿಂತುಹೋಗಿದೆ, ಈಗ ವೈರು ಕೀಳುತ್ತೇನೆ, ಮತ್ತೆ ಏಳದೆಯೂ ಹೋಗಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅತ್ತಿ ಅವರ ತಲೆ ಮುಟ್ಟಿ, “ಕೀಳ್ರಿ. ಆಮ್ಯಾಲ ರೊಟ್ಟಿ ತಿನ್ನೂಣು” ಎಂದರು.

ಅವರು ಕಿತ್ತರು. ದೀಪ ಆರಿತು. ಗೋಡೆಗೆ ಹಣೆ ಹಚ್ಚಿ ಕಣ್ಣು ಮುಚ್ಚಿ ನಿಂತರು. ಆಮೇಲೆ ಮತ್ತೆ ವೈರು ಚುಚ್ಚಿ ಗುಂಡಿ ಒತ್ತಿದರು. ಕೆಂಪು ದೀಪ ಮಿಟುಕಿತು. ಮಿಟುಕುತ್ತಲೇ ಇತ್ತು. ನಾನು ಹೋಯಿತೆಂದುಕೊಂಡೆ. ಆಗ ಡಬ್ಬಿಯೊಳಗೆ ಎಲ್ಲೋ ‘ಟಕ್’ ಎಂದಿತು. ಅಂಕಿಗಳು ಮೊದಲಿನಿಂದ ಶುರುವಾಗಿ ಏರತೊಡಗಿ, ಎಲ್ಲೂ ನಿಲ್ಲದೆ ಕೊನೆ ಮುಟ್ಟಿದವು. ಸ್ಪೀಕರಿನಿಂದ ಬಟ್ಟೆ ಸೋಪಿನ ಜಾಹೀರಾತು ಒಮ್ಮೆಲೇ ಕಿರುಚಿತು. ನಾವು ಮೂವರೂ ಬೆಚ್ಚಿಬಿದ್ದೆವು.

“ಹಿಂದಿನವೆರಡು ಮಾತಾಡವಲ್ವು,” ಎಂದರು ಅತ್ತಿ.

ಅಷ್ಟರಲ್ಲಿ ಮಾಮಾ ಹಿತ್ತಲಿಗೆ ಓಡಿ ಒಗೆಯುವ ಕಲ್ಲಿನ ಬಳಿ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದರು.

ಹಿಂದಿನ ಸ್ಪೀಕರುಗಳೇನೂ ಕೆಟ್ಟಿರಲಿಲ್ಲ. ಅಪ್‌ಡೇಟಿನಲ್ಲಿ ಹಳೇ ಸೆಟ್ಟಿಂಗು ಅಳಿಸಿಹೋಗಿತ್ತು. ಮರುದಿನ ಅಳಿಯ ಫೋನಿನಲ್ಲಿ ಹೇಳಿದಂತೆ ಎಲ್ಲ ಮತ್ತೆ ಕೂಡಿಸಿದೆವು. ಅಂದಿನಿಂದ ಧ್ವನಿ ನಿಂತದ್ದಿಲ್ಲ. ಮಾಮಾನ ಹೆದರಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದೇ ವಾರ ಮಿಕ್ಸರ್ ಹಾಕುವಾಗ ಮತ್ತೆ ಎಲ್ಲರ ಕೈ ನೋಡಿದರು. ಬದಲಾದದ್ದು ಒಂದೇ. ಅವರು ಆಗಾಗ ಆಸ್ಪರಿಗೆ ಹೋಗಿಬರತೊಡಗಿದರು. ಕುರಿ ಮಾರಲು ಆದೋನಿಗೆ ಬಂದಾಗ ಆತನೂ ಇವರಲ್ಲಿಗೆ ಬಂದು, ಅತ್ತಿಯ ಪಕ್ಕದಲ್ಲಿ ಕ್ರಿಕೆಟ್ ಕೇಳುತ್ತ ಕೂರುತ್ತಿದ್ದರು.

ಹೋದ ಬೇಸಿಗೆಯಲ್ಲಿ ಮಾಮಾನಿಗೆ ಎದೆನೋವು ಬಂತು. ಕರ್ನೂಲಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ರಕ್ತನಾಳ ಕಟ್ಟಿದೆ, ಕೂಡಲೇ ಆಪರೇಷನ್ ಆಗಬೇಕು, ಹೃದಯ ಬಹಳ ಸೋತಿದೆ, ಏನಾದರೂ ಆಗಬಹುದು ಎಂದು ಡಾಕ್ಟರು ಹೇಳಿದರು. ಮೀಸೆ ಈಗಷ್ಟೇ ದಟ್ಟವಾಗುತ್ತಿದೆಯೇನೋ ಎಂಬಂತೆ ಕಾಣುವ ಹರೆಯದ ಡಾಕ್ಟರು. ಇಷ್ಟು ಹೆದರುವ ಮಾಮಾನನ್ನು ಹೇಗಪ್ಪ ಒಪ್ಪಿಸುವುದು ಎಂದು ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಮಾಮಾ ಕಾಗದ ಇಸಿದುಕೊಂಡು ಸಹಿ ಹಾಕಿಬಿಟ್ಟರು. ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ.

“ನನಗ್ಯಾಕ ಹೆದರಿಕಿ? ಮಾಡೋ ಕೈ ನಂದಲ್ಲಲ್ರಿ.”

ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದೂ ನಾನು ಅದನ್ನು ತಿಳಿದಿರಲಿಲ್ಲ. ಅವರು ತಮಗೇನಾದರೂ ಆದೀತೆಂದು ಒಂದು ದಿನವೂ ಹೆದರಿದವರಲ್ಲ.

ಸ್ಟ್ರೆಚರ್ ಬರುವ ಮೊದಲು ನನ್ನನ್ನು ಹತ್ತಿರ ಕರೆದರು. “ಆ ಡಾಕ್ಟರು ಬಾಳ ಸಣ್ಣವ ಅದಾನ. ಹೆಚ್ಚುಕಮ್ಮಿ ಆದ್ರ ಅವಗ ಹೇಳ್ರಿ, ಒಂದ್ಸಲ ನಮ್ಮ ಮನಿಗಿ ಬಂದು ಹೋಗು ಅಂತ. ದೂರ ಉಳೀಬ್ಯಾಡ ಅಂತ ಹೇಳ್ರಿ.”

ಆಪರೇಷನ್ ನಡೆಯುವಾಗಲೇ ಅವರ ಹೃದಯ ನಿಂತಿತು. ಯಾರ ತಪ್ಪೂ ಇರಲಿಲ್ಲ. ಬಹಳ ಸೋತ ಹೃದಯ. ಡಾಕ್ಟರು ಹೊರಗೆ ಬಂದು, ಹೇಳಬೇಕಾದ್ದನ್ನು ಮಗಳಿಗೆ ಹೇಳಿ, ಬೇಗಬೇಗ ಕಾರಿಡಾರಿನಲ್ಲಿ ನಡೆದುಹೋದರು. ನಾನು ಹಿಂದೆ ಓಡಿದೆ. ಜಗಳಕ್ಕೆ ಬಂದಳೆಂದು ಅವರು ಗೋಡೆಗೆ ಸರಿದು ನಿಂತರು. ಮಾಮಾ ಹೇಳಿದ್ದನ್ನು ತೆಲುಗಿನಲ್ಲಿ ಹೇಳಿ, ಊರು, ಮನೆಯ ಗುರುತು ತಿಳಿಸಿದೆ. ಅವರು ತಲೆ ಎತ್ತಲಿಲ್ಲ. ಬರಲಾರರು ಎಂದುಕೊಂಡೆ.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ, ಒಂದು ಮಧ್ಯಾಹ್ನ ಬೀದಿಯಲ್ಲಿ ಕಾರು ನಿಂತಿತು. ಇಳಿದವರು ಆ ಡಾಕ್ಟರೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ಬಹಳ ಹೊತ್ತು ನಿಂತರು. ಬಂದವರು ಯಾರೆಂದು ನಾನು ಅತ್ತಿಗೆ ತಿಳಿಸಿದೆ. ಅತ್ತಿ ಟಿವಿ ಆರಿಸಲು ಹೇಳಿದರು. ಡಾಕ್ಟರು ಕುರ್ಚಿಯ ಅಂಚಿನಲ್ಲಿ ಕೂತರು. ಅತ್ತಿ ಅವರ ಉಸಿರು ಕೇಳುತ್ತ ಇದ್ದರು. ಆಮೇಲೆ ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ರೊಟ್ಟಿ, ಶೇಂಗಾ ಚಟ್ನಿ ತಟ್ಟೆಗೆ ಹಾಕಿ ತಂದು ಅವರ ಮುಂದಿಟ್ಟರು.

“ತಿನಿ ವೆಳ್ಳು ನಾಯನಾ,” ಎಂದರು. ತಿಂದು ಹೋಗಪ್ಪ ಎಂದು.

ಅವರು ತಲೆ ಬಗ್ಗಿಸಿ ತಿನ್ನತೊಡಗಿದರು. ಮುಗಿಯುವವರೆಗೆ ಅತ್ತಿ ಪಕ್ಕದಲ್ಲೇ ನಿಂತಿದ್ದರು.